ಸೊಟ್ಟ ಕೊಕ್ಕಿನ ಕೋಳಿಯ ಹಾಡು

ಗದಗ, ಫೆಬ್ರವರಿ ೩೦, ೨೨೧೪

ಇಪ್ಪತ್ತೊಂದನೇ ಶತಮಾನದಲ್ಲಿ ಹಾಡುಗಳಿಗೆ ಚಿತ್ರ ಬರೆಯುತ್ತಿರುವ ಹಿರಿಯರಿಗೆ ಇಂದುಧರ ಹಡಪದನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಪಂಚಾಂಗ ತಿದ್ದುವಾಗ ನಮ್ಮ ಹಿಂದಿನವರು ಫೆಬ್ರವರಿಗೂ ಮೂವತ್ತು ದಿನ ಕೊಟ್ಟರು, ಪಾಪ, ಅದೊಂದೇ ಏಕೆ ಬಡವಾಗಿರಬೇಕು ಎಂದು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಿಮ್ಮ ಹಾಡುಗಳಿಂದಲೇ ಕಲಿತವನು ನಾನು. ಪ್ರೀತಿ, ವಿರಹ ಬಿಟ್ಟು ಬೇರೆ ವಿಷಯಕ್ಕೆ ಬಂದರೆ ಶಬ್ದಕ್ಕೆ ತಡಕಾಡುತ್ತೇನೆ.

ನಮ್ಮಲ್ಲಿ ಹಾಡನ್ನು ಬರೀ ಕೇಳುವುದಿಲ್ಲ. ಪ್ರತಿ ಓಣಿಗೂ ಒಂದು ಹಾಡಂಗಳ ಇದೆ. ಸಂಜೆ ಕೆಲಸ ಮುಗಿಸಿದ ಜನ ಚುರುಮುರಿಯ ಗಿರ್ಮಿಟ್ಟು ಕಟ್ಟಿಸಿಕೊಂಡು ಬಂದು ಅಲ್ಲಿ ಕೂರುತ್ತಾರೆ. ಹಾಡು ಶುರುವಾದೊಡನೆ ಸುತ್ತುಚಿತ್ರ ಏಳುತ್ತದೆ, ಅಂದರೆ ಹಾಡುವವರು ಗಾಳಿಯಲ್ಲಿ ನಿಮ್ಮೆದುರಿಗೇ ಬಂದು ನಿಲ್ಲುತ್ತಾರೆ. ಹಣೆಯ ಬೆವರು, ಮೂಗುತಿಯ ಹರಳು ಕೂಡ ಕೈಗೆ ಸಿಗುವಷ್ಟು ಹತ್ತಿರ. ಚಿತ್ರವಿಲ್ಲದ ಹಾಡಿಗೆ ಅಲ್ಲಿ ಜಾಗವಿಲ್ಲ.

ನನ್ನ ಅಕ್ಕ ಸಾವಂತ್ರಿ ನಮ್ಮ ಓಣಿಯ ಹಾಡುಗಾರ್ತಿ. ಎರಡು ವರ್ಷದ ಹಿಂದೆ ಆಕೆಯ ಮುಖಕ್ಕೆ ಲಕ್ವ ಹೊಡೆಯಿತು. ಮದ್ದಿನಿಂದ ದನಿ ಮರಳಿತು, ಬಾಯಿ ಮಾತ್ರ ಸೊಟ್ಟಗೇ ಉಳಿಯಿತು. ಸುತ್ತುಚಿತ್ರದ ಯಂತ್ರ ಅದನ್ನು ನೇರ ಮಾಡಿ ತೋರಿಸಬಲ್ಲದು. ಅಕ್ಕ ಒಪ್ಪಲಿಲ್ಲ.

“ಅಕಿ ಯಾರೋ ಬ್ಯಾರೆ. ಅಕಿ ಬಾಯಾಗ ನನ್ನ ಹಾಡ ಯಾಕ ಹಾಕ್ಲಿ?” ಎಂದಳು.

ಇದ್ದ ಮುಖದಲ್ಲಿ ನಿಲ್ಲಲೂ ಆಕೆಗೆ ಧೈರ್ಯ ಬರಲಿಲ್ಲ. ಹೊಸದೊಂದು ಹಾಡು ಕಟ್ಟಿದ್ದಳು. ರೊಟ್ಟಿ ಬಡಿಯುತ್ತ ಅದನ್ನು ಹಾಡಿಕೊಳ್ಳುವಳು, ಯಾರಾದರೂ ಬಂದರೆ ಸೆರಗಿನಿಂದ ಬಾಯಿ ಮುಚ್ಚಿ ಸುಮ್ಮನಾಗುವಳು. ನಾನು ಪಡಸಾಲೆಯಲ್ಲಿ ಕೂತು ಕದ್ದು ಕೇಳುತ್ತಿದ್ದೆ.

ಆಗ ಸಿಕ್ಕಿತು ನಿಮ್ಮ ಕಾಲದ ಒಂದು ಹಾಡಿನ ಚಿತ್ರ. ಬಿಳಿ ಕೈಗವಸು ತೊಟ್ಟ ಚಹದ ಕಿಟ್ಲಿಯೊಂದು ಅದರಲ್ಲಿ ಕುಣಿಯುತ್ತದೆ. ಕೈಕಾಲಿಗೆ ಎಲುಬೇ ಇಲ್ಲ, ಶಾವಿಗೆಯಂತೆ ಬಳುಕುತ್ತವೆ. ಗೆರೆ ನಡುಗುತ್ತದೆ, ಬಣ್ಣ ಗೆರೆ ದಾಟಿ ಚೆಲ್ಲುತ್ತದೆ, ಮೇಲೆಲ್ಲ ಗೀರು, ಚುಕ್ಕೆ. ಹಳತಾಗಿ ಕೆಟ್ಟಿದೆಯೆಂದು ಗೀರುಗಳನ್ನು ಅಳಿಸಲು ಕುಳಿತೆ. ಆಮೇಲೆ ತಿಳಿಯಿತು, ಅವನ್ನು ನೀವೇ ಬೇಕೆಂದು ಎಳೆದಿದ್ದೀರಿ, ನಿಮಗಿಂತ ನೂರು ವರ್ಷ ಹಿಂದಿನವರ ಚಿತ್ರದಂತೆ ಕಾಣಲಿ ಎಂದು! ಒಬ್ಬನೇ ಕೂತು ನಕ್ಕೆ. ನೀವು ಮಾಡಬಹುದಾದರೆ ನಾನೇಕೆ ಮಾಡಬಾರದು?

ಕಾಗದ, ಮಸಿ ಹುಡುಕಿ ತಂದು ಮಳೆಗಾಲವೆಲ್ಲ ಬರೆದೆ. ಅಕ್ಕನನ್ನು ಇಳಕಲ್ ಸೀರೆಯುಟ್ಟ, ಸೊಟ್ಟ ಕೊಕ್ಕಿನ ಕೋಳಿ ಮಾಡಿದೆ. ಮೇಲಿನ ಸ್ವರ ಬಂದಾಗ ಕೊಕ್ಕು ಇನ್ನೂ ಸೊಟ್ಟಗಾಗಿ, ಸ್ವರ ಮೊಟ್ಟೆಯಾಗಿ ಹೊರಗೆ ಜಿಗಿದು ಉರುಳುತ್ತದೆ. ದನಿ ಸೇರಿಸದೆ, ಚಿತ್ರಗಳನ್ನು ಅಡುಗೆಮನೆಯ ಗೋಡೆಯ ಮೇಲೆ ಓಡಿಸಿ ಆಕೆಗೆ ತೋರಿಸಿದೆ.

“ಲೇ ಇಂದ್ಯಾ, ನನ್ನ ಕೋಳಿ ಮಾಡೀಯೇನು?”

“ಹೂಂ ಅಕ್ಕ. ಸಿಟ್ಟ ಬಂತೇನು?”

ಆಕೆ ಗೋಡೆಯ ಹತ್ತಿರ ಹೋಗಿ ನೋಡಿದಳು. “ನನ್ನ ಬಾಯಿ ಇದಕ್ಕಿಂತ ಸೊಟ್ಟ ಐತಿ. ಬರೇ ಇಷ್ಟ ಯಾಕ ಮಾಡೀದಿ, ಅಂಜಿದ್ಯೇನು?” ಎಂದವಳೇ ಬಿದ್ದು ಬಿದ್ದು ನಕ್ಕಳು. ಸೆರಗು ಬಾಯಿಗೆ ಹೋಗಲಿಲ್ಲ. ಮರುದಿನದಿಂದ ಕೊಕ್ಕು ತಿದ್ದಲು ತಾನೂ ಕೂತಳು, ಕೋಳಿಗೆ ತನ್ನ ದನಿಯನ್ನೂ ಕೊಟ್ಟಳು.

ಹಾಡಂಗಳದಲ್ಲಿ ಚಿತ್ರ ಎದ್ದಾಗ ಪಕ್ಕದ ಮನೆಯ ಶಿವಬಸಪ್ಪ ಕಾಕಾ, “ಯಂತ್ರ ಕೆಟ್ಟೈತೇನೋ? ಯಾಕ ನಡಗಾಕತ್ತೈತಿ?” ಎಂದರು.

“ಸುಮ್ಮ ಕುಂದರ್ರಿ, ಕೋಳಿ ಹಾಡಾಕತ್ತೈತಿ,” ಎಂದು ಅವರ ಹೆಂಡತಿ ಗದರಿದರು.

ಎರಡನೇ ಚರಣಕ್ಕೆ ಮಕ್ಕಳೆಲ್ಲ ಬಾಯಿ ಸೊಟ್ಟ ಮಾಡಿಕೊಂಡು ಹಾಡತೊಡಗಿದರು. ಅಣಕಿಸುತ್ತಿದ್ದಾರೆ ಎಂದು ಹೆದರಿದೆ. ಅಕ್ಕನ ಕಡೆ ನೋಡಿದೆ. ಆಕೆ ಎದ್ದು ನಿಂತಿದ್ದಳು. ಮನೆಗೆ ಓಡುತ್ತಾಳೆ ಎಂದುಕೊಂಡೆ. ಆಕೆ ನೇರ ನಡುವೆ ಹೋಗಿ ನಿಂತು, “ಹಂಗಲ್ಲರೋ, ಹಿಂಗ!” ಎಂದು ತನ್ನ ಬಾಯಿ ತೋರಿಸಿದಳು. ಕೋಳಿಯ ಪಕ್ಕದಲ್ಲೇ ನಿಂತು ಹಾಡನ್ನು ಮೊದಲಿನಿಂದ ಎತ್ತಿಕೊಂಡಳು. ಓಣಿಗೆ ಓಣಿಯೇ ಬಾಯಿ ಸೊಟ್ಟ ಮಾಡಿಕೊಂಡು ದನಿಗೂಡಿಸಿತು. ಶಿವಬಸಪ್ಪ ಕಾಕಾ ಎಲ್ಲರಿಗಿಂತ ಜೋರು.

ನಿಮ್ಮಲ್ಲಿ ಒಂದೇ ಬೇಡಿಕೆ. ಇಷ್ಟು ಒಳ್ಳೆಯ ಯಂತ್ರಗಳಿರುವಾಗ ಈ ನಡುಗುವ ಗೆರೆ ಏಕೆ ಎಂದು ಯಾರಾದರೂ ಕೇಳಿದರೆ ಕೈ ಹಿಂದೆಗೆಯಬೇಡಿ. ಬರೆಯುತ್ತಲೇ ಇರಿ. ಅದು ಯಾರ ಮನೆಯ ಗೋಡೆಯ ಮೇಲೆ ಕುಣಿಯಲಿದೆಯೋ ನಿಮಗೆ ಗೊತ್ತಿಲ್ಲ.

ಇನ್ನು ಹೊರಡುತ್ತೇನೆ. ಬೆಟಗೇರಿಯವರು ಅಕ್ಕನನ್ನು ಹಾಡಲು ಕರೆದಿದ್ದಾರೆ. ಆಕೆ ಆಗಲೇ ಬೀದಿಯ ತುದಿ ದಾಟಿ ಹಾಡುತ್ತ ಹೋಗುತ್ತಿದ್ದಾಳೆ.