ಟ್ರೇ ತಳದ ಪಾಕ

ಪುಟ್ಟಾ,

ನಾನು ಡ್ಯೂಟಿಗೆ ಹೊರಟೆ. ಅಪ್ಪನಿಗೆ ಪೀಚ್ ಹಣ್ಣಿನ ಸಿಹಿ ಇವತ್ತು ನೀನೇ ಬೇಯಿಸು. ಹಣ್ಣು ಹೋಳು ಮಾಡಿ ಟ್ರೇಯಲ್ಲಿ ಹರಡಿದ್ದೇನೆ. ಓಟ್ಸ್, ಬಾದಾಮಿ ಪುಡಿ, ಚಿಟಿಕೆ ಚಕ್ಕೆ ಪುಡಿ ಬೆಣ್ಣೆಯಲ್ಲಿ ಉದುರುದುರಾಗಿ ಕಲಸಿ ಮೇಲೆ ಹಾಕಿ ಓವನ್‌ನಲ್ಲಿಡು. ಫೋನ್ ನೋಡ್ತಾ ಕೂತು ಸೀದುಹೋಗೋಕೆ ಬಿಡಬೇಡ.

ಸಕ್ಕರೆ ಡಬ್ಬಿ ಹುಡುಕಬೇಡ. ನನ್ನ ಬ್ಯಾಗಿನಲ್ಲಿದೆ.

ಹೋದ ಭಾನುವಾರ ಅಪ್ಪ ಬಟ್ಟಲು ಬಳಿದು ತಿಂದು, "ಇವತ್ತು ನಿನ್ನ ಕೈಗೆ ರುಚಿ ಬಂತು ನೋಡು ಮಗಳೇ" ಅಂದಾಗ ನನ್ನ ಕಣ್ಣಲ್ಲಿ ನೀರೇ ಬಂದಿತ್ತು. ಆಮೇಲೆ ಟ್ರೇ ತೊಳೆಯೋಕೆ ಹೋದರೆ ತಳದಲ್ಲಿ ಪಾಕ ಕಲ್ಲಿನ ಹಾಗೆ ಅಂಟಿತ್ತು. ಬರೀ ಹಣ್ಣಿನ ರಸ ಹಾಗೆ ಕಚ್ಚಿಕೊಳ್ಳಲ್ಲ. ಒಂದು ದಿನವಾದರೂ ನೀನು ಟ್ರೇ ತೊಳೆದಿದ್ದರೆ, ಕದ್ದು ಸುರಿದ ಸಕ್ಕರೆ ಎಲ್ಲಿ ಸಿಕ್ಕಿಬೀಳುತ್ತೆ ಅಂತ ಗೊತ್ತಿರುತ್ತಿತ್ತು.

ಶುಗರ್ ಇಳಿದಿಲ್ಲ, ಅಪ್ಪನ ಕಾಲಿನ ಗಾಯ ಮಾಯುತ್ತಿಲ್ಲ ಅಂತ ಡಾಕ್ಟರ್ ಹತ್ತಿರ ಬೈಸಿಕೊಂಡವಳು ನಾನು. ಪಕ್ಕದಲ್ಲೇ ನಿಂತಿದ್ದ ನೀನು ತುಟಿ ಪಿಟಕ್ಕೆನ್ನಲಿಲ್ಲ. "ಪಾಪ, ಅಪ್ಪ ಆಸೆಪಟ್ಟರು" ಅಂತ ಕಥೆ ಹೇಳಬೇಡ. ಆಸೆ ತೀರಿಸೋ ಮುದ್ದಿನ ಮಗ ನೀನು, ಬಾಯಿ ಕಟ್ಟಿಸೋ ರಾಕ್ಷಸಿ ನಾನು!

ಗಾಯದ ಪಟ್ಟಿ ಬದಲಿಸಿದ್ದೇನೆ, ನೀರು ತಾಗದಂತೆ ನೋಡಿಕೊ.

ಇವತ್ತು ಅಪ್ಪ ಒಂದು ಚಮಚ ಬಾಯಿಗಿಟ್ಟು, "ಸಪ್ಪೆ" ಅಂತ ಮುಖ ಹಿಂಡುತ್ತಾರೆ. ಎದುರಿಗೆ ನೀನೇ ಕೂತು ಆ ಮುಖ ನೋಡು.

ಟ್ರೇ ಮಾತ್ರ ತೊಳೆಯಬೇಡ, ಹಾಗೇ ಇಟ್ಟಿರು. ಬಂದು ತಳ ನೋಡಿ ನಾನೇ ತೊಳೆಯುತ್ತೇನೆ.

ಅಕ್ಕ