ಫೋರ್‌ಸ್ಟಾಟ್ ಎಂಬ ವಿಳಾಸ

ದೋಹಾ,
ನವೆಂಬರ್ 2006

ಪ್ರೀತಿಯ ಗೇಬ್ರಿಯಲ್,

ಟ್ರೇನಿಂಗಿಗೆಂದು ಜರ್ಮನಿಗೆ ಹೋದ ಮೇಲೆ ನೀವು ಫೋನಿನಲ್ಲಿ ಹೇಳಿದ ವಿಳಾಸ ಒಂದೇ, ‘ಫೋರ್‌ಸ್ಟಾಟ್’. ಅದು ಊರಿನ ಹೆಸರೆಂದುಕೊಂಡು ಮ್ಯಾಪಿನಲ್ಲಿ ಎಷ್ಟೋ ಹುಡುಕಿದೆ. ನಿನ್ನೆ ಆಫೀಸಿನ ಜರ್ಮನ್ ಮೇಡಮ್ಮನ್ನು ಕೇಳಿದರೆ ನಕ್ಕುಬಿಟ್ಟರು.

“ಅದು ಊರಲ್ಲ ಮ್ಯಾಗ್ಡಲಿನ್. ಹಳೇ ಪೇಟೆಯ ಕೋಟೆಯಾಚೆಗಿನ ಬಡಾವಣೆಗೆ ಹಾಗನ್ನುತ್ತೇವೆ. ನಮ್ಮಲ್ಲಿ ಊರೂರಿಗೂ ಒಂದಿದೆ!”

ನಾನೂ ನಕ್ಕೆ. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ.

ತಾನ್ಯಾಳ ಜ್ವರ ಬಿಟ್ಟಿದೆ. ಡ್ಯಾಡಿ ಎಲ್ಲಿ ಎಂದು ಕೇಳುತ್ತಾಳೆ. ಗರಾಫಾದ ಫ್ಲ್ಯಾಟ್ ಖಾಲಿ ಮಾಡಿ ನಾವಿಬ್ಬರೂ ಇಲ್ಲೇ ದೋಹಾದ ಮನ್ಸೂರಾಕ್ಕೆ ಬಂದಿದ್ದೇವೆ.

ಇದನ್ನು ನಿಮ್ಮ ಕಂಪೆನಿಗೆ ಕಳಿಸುತ್ತಿದ್ದೇನೆ. ಊರು, ಬೀದಿ, ಮನೆ ನಂಬರು, ಮನೆಯಲ್ಲಿ ಜೊತೆಗೆ ಯಾರಿದ್ದಾರೆಂಬುದನ್ನೂ ಬರೆದು ನನ್ನ ಆಫೀಸಿಗೆ ಕಳಿಸಿ. ಅದು ಬಂದ ಮೇಲೆ ನಮ್ಮ ಹೊಸ ವಿಳಾಸ ತಿಳಿಸುತ್ತೇನೆ.

ಇಂತಿ,
ಮ್ಯಾಗ್ಡಲಿನ್