ಐವತ್ತಾರರಲ್ಲಿ ಹನ್ನೊಂದು

ಭಾನುವಾರ, ಅಂಗಡಿಯ ಮೇಜಿನಿಂದ

ನಮ್ಮ ಮನೆಯ ಟೀಚರಮ್ಮನಿಗೆ, ಅಂಟು ಮೆತ್ತಿದ ಕೈಯಿಂದಲೇ ನಿನ್ನ ಚಿಕ್ಕಪ್ಪ ಮಾಡುವ ಆಶೀರ್ವಾದ.

ನಿನ್ನ ಪತ್ರ ಬಂತು. ಪಾಠ ಹೇಳುವುದು ನನ್ನಿಂದಾಗದು ಅಂತ ರಾಜೀನಾಮೆ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದೀಯಂತೆ, ಶುಕ್ರವಾರ ಕೊಟ್ಟುಬಿಡುತ್ತೀಯಂತೆ. ಮೊದಲು ಈ ಕಾಗದ ಪೂರ್ತಿ ಓದು ಮಗಳೇ, ಆಮೇಲೆ ಏನು ಬೇಕಾದರೂ ಮಾಡು.

ತಪ್ಪೆಲ್ಲ ನಿಮ್ಮಪ್ಪನದು. ಹೆಡ್‌ಮಾಸ್ಟರ್ ಕೆಲಸದಿಂದ ನಿವೃತ್ತನಾಗಿ ಆರು ವರ್ಷವಾದರೂ ಊರಿಗೆಲ್ಲ ಪಾಠ ಹೇಳುವುದು ಬಿಟ್ಟಿಲ್ಲ. ತಾನು ಏಳನೇ ತರಗತಿಯಲ್ಲಿ ಬರೆದ ಲೆಕ್ಕದ ಪ್ರಶ್ನೆಪತ್ರಿಕೆಯನ್ನು ಇಷ್ಟು ವರ್ಷ ಜೋಪಾನ ಮಾಡಿ, ನಿನ್ನ ಏಳನೇ ತರಗತಿಗೆ ಕೊಟ್ಟು ನೋಡು ಅಂತ ನಕಲು ತೆಗೆಸಿ ಕಳಿಸಿದ. ನೀನೋ ಅವನದೇ ಮಗಳು, ಹಠಕ್ಕೆ ಕೊಟ್ಟೇಬಿಟ್ಟೆ. ನಲವತ್ತೊಂದು ಮಕ್ಕಳಲ್ಲಿ ಹನ್ನೆರಡು ಪಾಸು. ಅದು ತಿಳಿದ ದಿನ ಅಣ್ಣ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡು ಕೂತೇ ಭಾಷಣ ಬಿಗಿದ. "ನಮ್ಮ ಕಾಲದಲ್ಲಿ ತರಗತಿಗೆ ತರಗತೀನೇ ಪಾಸು ಕಣ್ರೀ. ಈಗ ನೋಡಿ, ವಿದ್ಯೆಯ ಮಟ್ಟ ಪಾತಾಳ ಸೇರಿದೆ." ಕ್ಷೌರದವನು, "ತಲೆ ಅಲ್ಲಾಡಿಸಬೇಡಿ ಸಾರ್, ಕಿವಿ ಹೋದೀತು" ಅಂದನಂತೆ.

ಆಮೇಲೊಂದು ತಮಾಷೆ ನಡೆಯಿತು. ನಾವು ಓದಿದ ಶಾಲೆಯವರು ಹಳೆಯ ಹಾಜರಿ ಪುಸ್ತಕಗಳನ್ನು ಹೊಸ ರಟ್ಟು ಹಾಕಿಸಲು ನನ್ನಲ್ಲಿಗೆ ಕಳಿಸಿದ್ದರು. ಬೈಂಡಿಂಗ್ ಕೆಲಸ ನಿನಗೆ ಗೊತ್ತಲ್ಲ, ಹೊಲಿಗೆ ಬಿಚ್ಚಿ, ಹಾಳೆಗಳನ್ನು ಕಂತೆ ಕಂತೆಯಾಗಿ ಹರಡಿ, ಬೆನ್ನಿನ ಹಳೇ ಅಂಟು ಕೆರೆದು, ಮತ್ತೆ ಹೊಲಿಯಬೇಕು. ಒಂದೊಂದು ವರ್ಷದ ಕಂತೆಗೂ ಒಂದು ಚೀಟಿ ಇಡುವುದು ನನ್ನ ಪದ್ಧತಿ. ಅವತ್ತು ಸೆಕೆ ಅಂತ ಫ್ಯಾನ್ ಹಾಕಿಬಿಟ್ಟೆ. ಚೀಟಿಗಳೆಲ್ಲ ಹಾರಿದವು. ನಾನೂ ಅಣ್ಣನೂ ಒಂದನೇ ತರಗತಿಗೆ ಸೇರಿದ ವರ್ಷದ ಹಾಳೆಯ ಪಕ್ಕಕ್ಕೆ ಅವನ ಏಳನೇ ತರಗತಿಯ ಹಾಳೆ ಇಟ್ಟು ಹೊಲಿದುಬಿಟ್ಟೆ. ಐವತ್ತು ವರ್ಷದಲ್ಲಿ ಇಂಥ ಎಡವಟ್ಟು ಮಾಡಿರಲಿಲ್ಲ.

ಅಂಗಡಿಗೆ ಬಂದ ಅಣ್ಣ ಪುಸ್ತಕ ತೆರೆದವನೇ ಗದರಿದ. "ಏನೋ ಇದು? ಒಂದಾದ್ಮೇಲೆ ಏಳು ಬರುತ್ತೇನೋ? ಎಣಿಸೋಕೂ ಬರಲ್ವಾ ನಿಂಗೆ?"

"ನಿಂಗೆ ಬರುತ್ತಲ್ಲ, ನೀನೇ ಎಣಿಸು" ಅಂದೆ, ನನಗೂ ರೇಗಿತ್ತು.

ಎಣಿಸಿದ. ಎಡಗಡೆ ಐವತ್ತಾರು ಹೆಸರು, ಬಲಗಡೆ ಹನ್ನೊಂದು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದ. ಆ ಹನ್ನೊಂದೂ ಪಾಸು, ಅದೇನೋ ನಿಜ. ಉಳಿದ ನಲವತ್ತೈದು ಜನ ಎಲ್ಲಿ ಹೋದರು? ಇಬ್ಬರೂ ಕೂತು ನಡುವಿನ ಕಂತೆಗಳನ್ನು ಹುಡುಕಿದೆವು. ಎರಡನೇ ತರಗತಿಯಲ್ಲಿ ಹದಿನಾಲ್ಕು ಹೆಸರಿನ ಮೇಲೆ ಕೆಂಪು ಗೆರೆ, ಮೂರನೆಯದರಲ್ಲಿ ಒಂಬತ್ತು. ಐದರ ಹೊತ್ತಿಗೆ ಹೆಣ್ಣುಮಕ್ಕಳ ಹೆಸರು ಒಂದೂ ಉಳಿದಿಲ್ಲ. ಮೂರನೆಯದರ ಗೆರೆಗಳಲ್ಲಿ ಒಂದು ನನ್ನ ಹೆಸರಿನ ಮೇಲಿತ್ತು. ಅಣ್ಣ ನಾಲ್ಕಕ್ಕೆ ಹೋದ, ನಾನು ಈ ಅಂಗಡಿಗೆ ಬಂದೆ.

ಅವನು ಆ ಗೆರೆಯ ಮೇಲೆ ಬೆರಳಿಟ್ಟು ನನ್ನ ಹೆಸರು ಓದಿದ. ಆಮೇಲೆ ನಗತೊಡಗಿದ ನೋಡು, ಕಣ್ಣಲ್ಲಿ ನೀರು ಬರುವಷ್ಟು! "ಐವತ್ತು ವರ್ಷ ಡಂಗುರ ಸಾರ್ಕೊಂಡು ಬಂದೆನಲ್ಲೋ! ಹೋದೋರನ್ನೆಲ್ಲ ಬಿಟ್ಟು, ಉಳಿದೋರನ್ನ ಎಣಿಸಿ, ಪೂರ್ತಿ ತರಗತಿ ಪಾಸು ಅಂದೆ. ಹೀಗೆ ನೋಡಿದ್ರೆ ನನ್ನ ಮಗಳೇ ಗೆದ್ದಳು ಬಿಡು." ಎಷ್ಟಾದರೂ ಹೆಡ್‌ಮಾಸ್ಟರ್ ಅಲ್ಲವೇ, ಮರುಕ್ಷಣವೇ ಸೇರಿಸಿದ: "ಆದ್ರೂ ಈಗಿನವರ ಅಕ್ಷರ ಕಾಗೆ ಕಾಲು ಕಣೋ. ಮಗ್ಗಿಯಂತೂ ಕೇಳಲೇಬೇಡ."

ಅದನ್ನು ನಾನೂ ಇಲ್ಲವೆನ್ನಲಾರೆ ಮಗಳೇ. ಆಗಿನ ಹಾಳೆ, ಈಗಿನ ಹಾಳೆ ಎರಡೂ ನನ್ನ ಕೈಮೇಲೇ ಹಾದುಹೋಗುತ್ತವೆ. ಅಕ್ಷರ ಕೆಟ್ಟಿದೆ, ಬಾಯಿಲೆಕ್ಕ ಹೋಗಿದೆ. ಆದರೆ ನಿನ್ನೆದುರು ಕೂತವರಲ್ಲಿ ಪಾಸಾಗದ ಆ ಇಪ್ಪತ್ತೊಂಬತ್ತು ಮಕ್ಕಳು ನಮ್ಮ ಕಾಲವಾಗಿದ್ದರೆ ತರಗತಿಯಲ್ಲೇ ಇರುತ್ತಿರಲಿಲ್ಲ. ಈಗ ನಪಾಸಾಗುವುದಕ್ಕಾದರೂ ಇದ್ದಾರೆ. ನಾನು ಅದಕ್ಕೂ ಇರಲಿಲ್ಲ.

ನಿಮ್ಮಪ್ಪ ಗುರುವಾರದ ಬಸ್ಸಿಗೆ ಹೊರಟಿದ್ದಾನೆ. ಹೇಳಬೇಡ ಅಂದಿದ್ದ; ನನ್ನ ಹೊಟ್ಟೆಯಲ್ಲಿ ಗುಟ್ಟು ಯಾವಾಗ ನಿಂತಿದೆ? ಆ ಇಪ್ಪತ್ತೊಂಬತ್ತು ಜನರನ್ನೂ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಾನಂತೆ. ಎರಡು ಡಬ್ಬಿ ಸೀಮೆಸುಣ್ಣ ಆಗಲೇ ತಂದಿಟ್ಟಿದ್ದಾನೆ. ಶುಕ್ರವಾರ ನೀನೇ ಶಾಲೆ ಬಿಟ್ಟರೆ ಈ ಮುದುಕನನ್ನು ತರಗತಿಯೊಳಗೆ ಬಿಡುವವರು ಯಾರು?

ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ
ಬೈಂಡಿಂಗ್ ಚಿಕ್ಕಪ್ಪ

ಮರೆತಿದ್ದೆ: ಆ ಪ್ರಶ್ನೆಪತ್ರಿಕೆಯನ್ನು ಮೊನ್ನೆ ನಾನೂ ಕೂತು ಬರೆದೆ. ತೊಟ್ಟಿ ತುಂಬಿಸುವ ನಲ್ಲಿ ಒಂದು, ಖಾಲಿ ಮಾಡುವ ನಲ್ಲಿ ಇನ್ನೊಂದು; ಯಾವ ಪುಣ್ಯಾತ್ಮ ಎರಡನ್ನೂ ಒಟ್ಟಿಗೆ ತಿರುಗಿಸಿದನೋ, ಅಲ್ಲೇ ಮುಳುಗಿದೆ. ಪಾಸಿಗೆ ಮೂವತ್ತೈದು, ನನಗೆ ಮೂವತ್ತೊಂದು. ಒಡಹುಟ್ಟಿದವನು ಅಂತ ನಾಲ್ಕು ಅಂಕವನ್ನಾದರೂ ಹಾಕಬಾರದಿತ್ತೇ ನಿಮ್ಮಪ್ಪ? ಬಸ್ಸಿಗೆ ಎರಡು ಟಿಕೆಟ್ ತೆಗೆಸಿದ್ದೇನೆ. ಹಿಂದಿನ ಬೆಂಚಿನಲ್ಲಿ ಮೂವತ್ತನೆಯವನಿಗೆ ಜಾಗ ಇಟ್ಟಿರು.